ಉಂಡ ಮೇಲೆ ಹೇಳುವ ಹೆಸರು

ನಮ್ಮ ಅಡುಗೆಮನೆಯಲ್ಲಿ ಒಂದು ಮಿನಿಕಾಯ್ ಇತ್ತು. ಗ್ಯಾಸ್ ಒಲೆಯ ಎದುರುಗೋಡೆಗೆ ಸೂರಿನ ಹತ್ತಿರ ಹೊಡೆದಿದ್ದ ಹಲಗೆ ಅದು. ಸ್ಟೂಲು ಹಾಕಿ, ತುದಿಗಾಲಲ್ಲಿ ನಿಂತು, ಉಸಿರು ಹಿಡಿದು ಕೈ ಚಾಚಿದರೆ ಮಾತ್ರ ಸಿಗುತ್ತಿತ್ತು. ಹಬ್ಬಕ್ಕೆ ಇಳಿಯುವ ದೊಡ್ಡ ಇಡ್ಲಿ ಪಾತ್ರೆ, ಚಕ್ಕುಲಿ ಒರಳು, ಮೈಸೂರಿನಿಂದ ಅಮ್ಮ ಕೊಟ್ಟು ಕಳಿಸಿದ ಹಿತ್ತಾಳೆ ಕೊಳಗ, ಎಲ್ಲ ಅಲ್ಲೇ ವಾಸ.

ಹೆಸರು ಇಟ್ಟವಳು ನಾನಲ್ಲ. ಎರ್ನಾಕುಲಂನಲ್ಲಿ ನಮ್ಮವರ ಬ್ಯಾಂಕಿನ ಕನ್ನಡ ಕುಟುಂಬಗಳು ಕೆಲವಿದ್ದವು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತಿದ್ದೆವು. ಉಡುಪಿಯ ಕನ್ನಡ, ಮೈಸೂರಿನ ಕನ್ನಡ, ನಮ್ಮ ಯಜಮಾನರ ಧಾರವಾಡದ ಕನ್ನಡ ಮೂರೂ ಒಂದೇ ಸಾರಿನಲ್ಲಿ ಕುದಿಯುತ್ತಿದ್ದವು. ಮಕ್ಕಳು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದವು. ಲಕ್ಷದ್ವೀಪದ ದ್ವೀಪಗಳಲ್ಲೆಲ್ಲ ತೆಂಕಣ ತುದಿಯದು, ಉಳಿದ ದ್ವೀಪಗಳಿಗೇ ದೂರವಾದದ್ದು ಈ ಮಿನಿಕಾಯ್. ಅಲ್ಲಿ ಬ್ಯಾಂಕಿನದೊಂದು ಶಾಖೆ ಇತ್ತು. ವರ್ಗಾವಣೆಯ ಕಾಲ ಬಂತೆಂದರೆ ಗಂಡಸರು ಆ ಹೆಸರನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಹಾಗೆ ಹೆದರಿ ಹೆದರಿ, ಕೊನೆಗೆ ಅದು ನಮ್ಮ ಗುಂಪಿನಲ್ಲಿ ದೂರದ್ದಕ್ಕೆಲ್ಲ ಹೆಸರಾಯಿತು. ಪಾಯಸದ ಎರಡನೇ ಸುತ್ತು ತಲುಪದ ಕೊನೆಯ ಎಲೆ ಮಿನಿಕಾಯ್. ಫ್ಯಾನಿನ ಗಾಳಿ ಬಾರದ ಮೇಜು ಮಿನಿಕಾಯ್. ಒಬ್ಬರ ಮನೆಯಲ್ಲಂತೂ ಹಿತ್ತಲಿನಾಚೆಯ ಬಚ್ಚಲಿಗೂ ಅದೇ ಹೆಸರು. ಮಳೆ ಬಂದರೆ ಕೊಡೆ ಹಿಡಿದು ಮಿನಿಕಾಯ್‌ಗೆ ಹೋಗಿಬರುತ್ತಿದ್ದರು.

ನನಗೂ ಆ ಹೆಸರಿಗೂ ಅದಕ್ಕಿಂತ ಹಳೆಯ ನಂಟು ಇತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ಸುರುಳಿ ನಕ್ಷೆಯನ್ನು ಗೋಡೆಗೆ ಇಳಿಬಿಟ್ಟು, ಕೋಲಿನ ತುದಿಯಿಂದ ಊರುಗಳನ್ನು ಮುಟ್ಟುತ್ತಿದ್ದರು. ಅರಬ್ಬಿ ಸಮುದ್ರಕ್ಕೆ ಬಂದಾಗ ಕೋಲು ನಿಲ್ಲದೆ ಹಾರಿಹೋಗುತ್ತಿತ್ತು. ‘ಅಂಡ್ ಸಮ್ ಐಲೆಂಡ್ಸ್’ ಎಂದಷ್ಟೇ ಹೇಳುತ್ತಿದ್ದರು. ಆ ನೀಲಿಯಲ್ಲಿ ಒಂದಷ್ಟು ಚುಕ್ಕೆಗಳಿದ್ದವು. ಅವುಗಳಲ್ಲಿ ಒಂದು ನೊಣದ ಹಿಕ್ಕೆ. ಯಾವುದು ದ್ವೀಪ, ಯಾವುದು ನೊಣದ್ದು ಎಂದು ಗೆಳತಿಯರೊಂದಿಗೆ ಪಂದ್ಯ ಕಟ್ಟಿ, ನಕ್ಕು, ಬೆಂಚಿನ ಮೇಲೆ ನಿಂತದ್ದು ನೆನಪಿದೆ.

ನಮ್ಮ ಬಾಡಿಗೆ ಮನೆಯ ಮೇಲಿನ ಭಾಗಕ್ಕೆ ಹೊಸಬರು ಬಂದಾಗ ಅವರು ಎಲ್ಲಿಯವರೆಂದು ತಿಳಿದದ್ದು ಬೆಕ್ಕುಗಳಿಂದ. ಒಂದು ಬೆಳಿಗ್ಗೆ ಓಣಿಯ ಬೆಕ್ಕುಗಳೆಲ್ಲ ನಮ್ಮ ಕಾಂಪೌಂಡಿನ ಮೇಲೆ ಸಾಲಾಗಿ ಕೂತು, ಕತ್ತೆತ್ತಿ ತಾರಸಿಯತ್ತ ನೋಡುತ್ತಿದ್ದವು. ಮೇಲೆ ಹೋಗಿ ನೋಡಿದರೆ ಹಡಗಿನಲ್ಲಿ ತವರಿನಿಂದ ಬಂದ ಟ್ಯೂನಾ ಮೀನಿನ ತುಂಡುಗಳು ಬಿಸಿಲಿಗೆ ಹರಡಿದ್ದವು. ಪಕ್ಕದಲ್ಲಿ ಒಬ್ಬ ಅಜ್ಜಿ ಕಾವಲು ಕೂತಿತ್ತು, ಒಂದು ಕಣ್ಣಿಗೆ ಹಸಿರು ಪಟ್ಟಿ, ಕೈಯಲ್ಲಿ ಮಡಿಸಿದ ಪತ್ರಿಕೆ. ಅಜ್ಜಿಯ ಕಣ್ಣಿನ ಚಿಕಿತ್ಸೆಗೆಂದು ಮಗಳು ಅವರನ್ನು ಮಿನಿಕಾಯ್‌ನಿಂದ ಕರೆತಂದಿದ್ದಳು. ಅವಳ ಗಂಡ ವಿದೇಶಿ ಸರಕು ಹಡಗಿನಲ್ಲಿ ನಾವಿಕ. ಅವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೊದಲ ದಿನವೇ ನನ್ನನ್ನು ‘ಚೇಚಿ’ ಎಂದು ಕರೆದಳು. ಅಕ್ಕ ಎಂಬುದಕ್ಕೆ ಇಲ್ಲಿನ ಮಾತು ಅದು, ಆದರೆ ಅವಳ ಬಾಯಲ್ಲಿ ಅದರ ಕೊನೆ ಸ್ವಲ್ಪ ಮೇಲಕ್ಕೆ ಹಾರುತ್ತಿತ್ತು. ನಾನು ಸಸ್ಯಾಹಾರಿ ಎಂದು ತಿಳಿದ ಮೇಲೆ ಮೀನಿನ ಬದಲು ತೆಂಗಿನಕಾಯಿ ಬೆಲ್ಲದ ಉಂಡೆಗಳನ್ನು ಒಣ ಬಾಳೆಲೆಯಲ್ಲಿ ಸುತ್ತಿ, ನಾರಿನಲ್ಲಿ ಕಟ್ಟಿ ತರತೊಡಗಿದಳು. ಗಂಟು ಎಷ್ಟು ಚೊಕ್ಕವೆಂದರೆ ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ.

ಹಾಗೆ ಉಂಡೆ ತಂದ ಒಂದು ದಿನ ಅವಳು ಅಡುಗೆಮನೆಯಲ್ಲಿ ಕೂತಿದ್ದಾಗಲೇ ನಾನು ಯಜಮಾನರನ್ನು ಕೂಗಿ, ಮಿನಿಕಾಯ್‌ನಿಂದ ಇಡ್ಲಿ ಪಾತ್ರೆ ಇಳಿಸಿಕೊಡಿ ಎಂದೆ. ಕನ್ನಡ ಅವಳಿಗೆ ಬಾರದು, ಆದರೆ ಆ ಒಂದು ಪದಕ್ಕೆ ಕನ್ನಡ ಬೇಕಿರಲಿಲ್ಲ. ಅವಳು ನನ್ನನ್ನು ನೋಡಿದಳು, ನಾನು ನೋಡುತ್ತಿದ್ದ ಹಲಗೆಯನ್ನು ನೋಡಿದಳು. ನನ್ನ ಹರಕುಮುರುಕು ಮಲಯಾಳದಲ್ಲಿ ವಿವರಿಸಲು ಹೊರಟೆ. ದೂರ, ಎತ್ತರ, ಕೈಗೆ ಸಿಗದ್ದು ಎಂದು ಏನೇನೋ ಅಂದೆ. ಕಿವಿ ಬಿಸಿಯಾಯಿತು. ಅವಳು ಎದ್ದು, ಸ್ಟೂಲು ಎಳೆದು, ತಾನೇ ಹತ್ತಿ ನಿಂತು, ಅಲ್ಲಿದ್ದ ಒಂದೊಂದನ್ನೂ ಮುಟ್ಟಿ ಇದೇನು, ಇದು ಯಾವಾಗ ಎಂದು ಕೇಳಿದಳು. ಎಲ್ಲದಕ್ಕೂ ಹಬ್ಬಕ್ಕೆ, ಹಬ್ಬಕ್ಕೆ ಎಂದೆ.

“ಒಳ್ಳೆಯದನ್ನೆಲ್ಲ ಅಲ್ಲೇ ಇಟ್ಟಿದ್ದೀರಲ್ಲ ಚೇಚಿ,” ಎಂದಳು ಮೇಲಿನಿಂದಲೇ. ಆಮೇಲೆ ಇಬ್ಬರೂ ನಕ್ಕ ನಗೆಗೆ ಸ್ಟೂಲು ಅಲ್ಲಾಡಿತು.

ಅವಳು ತನ್ನೂರಿಗೆ ಫೋನು ಮಾಡುವುದನ್ನು ಕೇಳುವುದೆಂದರೆ ನನಗೆ ಹಬ್ಬ. ಮೊಬೈಲಿಗೆ ಮೇಲೆ ಸಿಗ್ನಲ್ ಸಿಗದೆ ನಮ್ಮ ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುತ್ತಿದ್ದಳು. ಮಾತು ಆಕಾಶದ ಉಪಗ್ರಹಕ್ಕೆ ಹೋಗಿ ಇಳಿಯಬೇಕಿತ್ತಂತೆ. ಇವಳು ಒಂದು ಹೇಳಿ ಕಾಯುತ್ತಿದ್ದಳು. ಆ ಕಾಯುವಿಕೆಯಲ್ಲಿ ಅವಳ ಮುಖ ಮೊದಲೇ ನಗಲು ತಯಾರಾಗಿರುತ್ತಿತ್ತು, ಜೋಕು ಇನ್ನೂ ದಾರಿಯಲ್ಲಿರುತ್ತಿತ್ತು. ಆ ಭಾಷೆಯ ಒಂದಕ್ಷರವೂ ನನಗೆ ತಿಳಿಯದು. ಆದರೆ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು: ಮಾಲಿಕು. ತರಕಾರಿಯವನ ಹತ್ತಿರ, ಆಸ್ಪತ್ರೆಯಲ್ಲಿ, ಮನೆ ಮಾಲೀಕರ ಎದುರು ಅವಳು ಹೇಳುತ್ತಿದ್ದದ್ದು ಮಿನಿಕಾಯ್. ಫೋನಿನಲ್ಲಿ, ಅಮ್ಮನ ಜೊತೆ, ತನ್ನಷ್ಟಕ್ಕೆ ಗುನುಗುವಾಗ ಮಾಲಿಕು. ಒಂದೇ ಊರು.

ಅರ್ಥವೇನು ಎಂದು ಕೇಳಿದೆ. ಅವಳಿಗೂ ಖಚಿತವಿಲ್ಲ. ಶಾಲೆಯ ಮೇಷ್ಟ್ರು ಅರಬ್ಬಿಯಲ್ಲಿ ರಾಜ ಎಂದಿದ್ದರಂತೆ. ರಾಜನ ಊರಾಗಿದ್ದರೆ ಅವನು ಒಮ್ಮೆಯಾದರೂ ಬಂದುಹೋಗಬೇಡವೇ ಎಂದು ಅವಳ ಚಿಕ್ಕಮ್ಮ ತಳ್ಳಿಹಾಕಿದ್ದಳಂತೆ. ಹಡಗಿನವರದು ಬೇರೆ ಕಥೆ. ಅಜ್ಜಿಯನ್ನೇ ಕೇಳೋಣ ಎಂದು ಮೇಲೆ ಹೋದೆವು. ಅಜ್ಜಿ ಉತ್ತರ ಕೊಡದೆ, ನಿಮ್ಮೂರಿನ ಹೆಸರಿಗೆ ಅರ್ಥವೇನು ಎಂದು ಮಗಳ ಮೂಲಕ ನನ್ನನ್ನೇ ಕೇಳಿತು. ಎಮ್ಮೆಯ ತಲೆಯ ರಾಕ್ಷಸನೊಬ್ಬನ ಊರು ಎಂದೆ. ಮಗಳು ಅದನ್ನು ದಾಟಿಸಿದಾಗ ಅಜ್ಜಿ ತೆರೆದಿದ್ದ ಒಂದು ಕಣ್ಣಿನಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ನಗು ತಡೆಯಲಾರದೆ ಗೋಡೆಗೆ ಒರಗಿತು. ಕಣ್ಣಿಗೆ ಆಯಾಸವಾಗಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಮಗಳು ಪಟ್ಟಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ನಮ್ಮ ಹೆಸರಿನ ಅರ್ಥ ಗೊತ್ತಿಲ್ಲದಿರುವುದೇ ವಾಸಿ, ಇದು ಅಜ್ಜಿಯ ತೀರ್ಮಾನ.

ಕೆಳಗಿಳಿಯುವಾಗ ನಾನು ಆ ಪದವನ್ನು ಮೆಲ್ಲಗೆ ಹೇಳಿನೋಡಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

“ಅದು ಈಗಲೇ ಬೇಡ ಚೇಚಿ. ಟಿಕೆಟ್ ಕೌಂಟರಿನಲ್ಲಿ ಕೇಳುವ ಹೆಸರು ಮಿನಿಕಾಯ್. ಇದು ಅಲ್ಲಿ ಒಂದು ಮನೆಯಲ್ಲಿ ಕೂತು ಉಂಡ ಮೇಲೆ ಹೇಳುವುದು.”

ನಿನ್ನ ಕೈಯ ಉಂಡೆ ತಿಂದಿದ್ದೇನಲ್ಲ ಎಂದು ವಾದಿಸಿದೆ. ಅದು ಎರ್ನಾಕುಲಂನ ತೆಂಗಿನಕಾಯಿ, ಲೆಕ್ಕಕ್ಕಿಲ್ಲ ಎಂದಳು. ಈ ನಿಯಮ ನಿಜವಾಗಿ ಅವರ ದ್ವೀಪದ್ದೋ, ಆ ಕ್ಷಣದಲ್ಲಿ ಅವಳೇ ಮೆಟ್ಟಿಲ ಮೇಲೆ ಕಟ್ಟಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ತುಟಿಯ ಕೊನೆ ಸ್ವಲ್ಪ ಕುಣಿಯುತ್ತಿತ್ತು. ನಮ್ಮ ಒಂದನೇ ಕ್ಲಾಸಿನ ಮಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅವಳು ಮನೆಯಿಡೀ ಮಾಲಿಕು ಮಾಲಿಕು ಎಂದು ಕುಂಟಾಬಿಲ್ಲೆ ಆಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಕಾನ್ವೆಂಟಿನಲ್ಲಿ ಬೆಳೆದವರಿಗೆ ನಿಯಮವೆಂದರೆ ನಿಯಮ. ಆದರೆ ಬೇಡವೆಂದ ಪದ ನಾಲಿಗೆಯ ಮೇಲೆ ಪೆಪ್ಪರ್‌ಮಿಂಟಿನ ಹಾಗೆ ಇದ್ದೇಬಿಟ್ಟಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಆ ಊರನ್ನು ಕಾಣಬೇಕು, ಅಲ್ಲಿ ಕೂತು ಉಣ್ಣಬೇಕು, ಹೆಸರನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಯಜಮಾನರಿಗೆ ವರ್ಗವಾಯಿತು. ಸಂಜೆ ಬಂದವರು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತರು. ಒಂದು ಲೇಸು ಸಡಿಲವಾಗಿ ನೆಲಕ್ಕೆ ಇಳಿದಿತ್ತು. “ಲಕ್ಷದ್ವೀಪಕ್ಕ ಹಾಕ್ಯಾರ,” ಎಂದರು, “ಮಿನಿಕಾಯ್.” ಕಾಫಿ ಲೋಟ ಕೊಡುತ್ತಿದ್ದ ನಾನು ತಟ್ಟನೆ ಮುಖ ತಿರುಗಿಸಿದೆ. ಅವರು ಅದನ್ನು ದುಃಖವೆಂದು ತಿಳಿದು, ಚಿಂತೆ ಮಾಡಬೇಡ, ಏನಾದರೂ ಮಾಡೋಣ ಎಂದು ಸಮಾಧಾನ ಹೇಳಿದರು. ನಾನು ಒಳಗೆ ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೇಲಿನ ಹಲಗೆ ನೋಡಿ ನಕ್ಕೆ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದರೆ, ಹೇಳಲಾರದ ಕಾರಣವೂ ಇತ್ತು. ಧಾರವಾಡದ ಕಪ್ಪು ಮಣ್ಣಿನ ಮೇಲೆ ಬೆಳೆದ ಅವರಿಗೆ ನೀರು ಎಂದರೆ ಕೊಡದಲ್ಲಿರಬೇಕಾದ ವಸ್ತು. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೋಗುವ ಬೋಟಿನಲ್ಲೇ ಅವರ ಮುಖ ಹೀರೇಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಂಥವರನ್ನು ಒಂದು ಹಗಲು ಒಂದು ರಾತ್ರಿ ಹಡಗಿನಲ್ಲಿ ಕೂರಿಸಲು ನನ್ನ ಆಸೆ ಅಷ್ಟು ದೊಡ್ಡದೇ ಎಂದು ಸುಮ್ಮನಾದೆ.

ಮರುದಿನದಿಂದ ಕನ್ನಡದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಸಾವಿನ ಮನೆಗೆ ಬಂದಂತೆ ಚಪ್ಪಲಿಯನ್ನು ಸದ್ದಿಲ್ಲದೆ ಬಿಡುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ಮಗಳು ಮಾತ್ರ, ಸಂತಾಪ ಹೇಳಲು ಬಂದವರಿಗೆಲ್ಲ ‘ಞಾನುಂ ಪೋಗುಂ’, ನಾನೂ ಹೋಗ್ತೀನಿ ಎಂದು ಮಲಯಾಳದಲ್ಲಿ ಸಾರುತ್ತಿದ್ದಳು. ನಮ್ಮ ಗುಂಪಿನ ಹಿರಿಯ ಅಕ್ಕ, ಉಡುಪಿ ಕಡೆಯವರು, ಕೊನೆಗೆ ಬಂದು ಕೆಲಸದ ಮಾತು ಎತ್ತಿದರು. ತಿರುವನಂತಪುರದ ಜೋನಲ್ ಆಫೀಸಿಗೆ ಹೋಗಿ ದೊಡ್ಡ ಸಾಹೇಬರನ್ನು ಕಂಡು ಬೇಡಿಕೊಳ್ಳುವುದು, ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗುವುದು ನಮ್ಮವರಲ್ಲಿ ನಡೆದುಬಂದ ರೂಢಿ. ಹೆಂಡತಿ ಏನೂ ಮಾತಾಡಬೇಕಿಲ್ಲ. ಎದುರಿನ ಕುರ್ಚಿಯಲ್ಲಿ ಕೂತರೆ ಸಾಕು, ಉಳಿದದ್ದನ್ನು ಮುಖ ಹೇಳಬೇಕು. ಈ ಅಕ್ಕನ ಮುಖದಿಂದ ಅವರ ಮನೆಯವರ ಎರಡು ವರ್ಗಾವಣೆ ರದ್ದಾಗಿದ್ದವು.

ಅವರು ನನ್ನನ್ನು ಕನ್ನಡಿಯ ಎದುರು ಕೂರಿಸಿ ತಯಾರಿ ಮಾಡಿದರು. ಒಗೆದು ಒಗೆದು ಬಣ್ಣ ಬಿಟ್ಟ ಕಾಟನ್ ಸೀರೆ. ಹೂವು ಬೇಡ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಿ ಹಾಗೇ ಬಿಡಬೇಕು. ಪ್ರಶ್ನೆ ಕೇಳಿದರೆ ನೆಲ ನೋಡಬೇಕು. ನಾನು ನೆಲ ನೋಡಿದೆ, ತುಟಿ ಇಳಿಬಿಟ್ಟೆ. ಕನ್ನಡಿಯಲ್ಲಿ ಕಂಡ ಮುಖ ಮೇಲಿನ ಅಜ್ಜಿಯನ್ನು ನಗಿಸಿದ ಎಮ್ಮೆಯ ಊರಿನವಳದೇ ಆಗಿತ್ತು. ಫಕ್ಕನೆ ನಕ್ಕೆ.

“ನಗ್ಬೇಡಿ ಮಾರಾಯ್ತಿ,” ಎಂದರು ಅಕ್ಕ ಬಾಚಣಿಗೆಯಿಂದ ತಲೆಗೆ ಮೊಟಕಿ. “ಇಲ್ಲಿ ನಕ್ರೆ ಅಲ್ಲಿ ಹೋಗಿ ಅಳ್ಬೇಕಾಗ್ತದೆ.”

ಮಗಳನ್ನು ಮೇಲಿನವಳ ಹತ್ತಿರ ಬಿಟ್ಟು ಬೆಳಗಿನ ರೈಲು ಹತ್ತಿದೆವು. ಎಲ್ಲಿಗೆ, ಯಾಕೆ ಎಂದು ಅವಳಿಗೆ ತಿಳಿದಿತ್ತು. ದಾರಿಗೆಂದು ಬಾಳೆಲೆಯ ಉಂಡೆ ಕೊಟ್ಟಳು, ಅಷ್ಟೆ. ಕೋಟ್ಟಯಂವರೆಗೆ ದುಃಖದ ವಿಷಯಗಳನ್ನು ಯೋಚಿಸಿ ಅಭ್ಯಾಸ ಮಾಡಿದೆ: ಕಾಲೇಜಿನಲ್ಲಿ ಕಳೆದುಹೋದ ಓಲೆ, ಸೀದುಹೋದ ಮೈಸೂರ್ ಪಾಕ್. ಕೊಲ್ಲಂ ದಾಟಿದ ಮೇಲೆ ವರ್ಕಲದ ಹತ್ತಿರ ತೆಂಗಿನ ಸಂದಿಯಲ್ಲಿ ಒಂದು ಚೂರು ಸಮುದ್ರ ಮಿಂಚಿತು. ಅಷ್ಟೂ ಅಭ್ಯಾಸ ನೀರುಪಾಲು.

ದೊಡ್ಡ ಸಾಹೇಬರು ಬೋಳುತಲೆಯ, ಮೆತ್ತನೆ ದನಿಯ ಮನುಷ್ಯ. ಮೇಜಿನ ಗಾಜಿನ ಕೆಳಗೆ ತಮ್ಮ ಅಮ್ಮನ ಹಳೆಯ ಫೋಟೋ ಇಟ್ಟಿದ್ದರು. ಯಜಮಾನರು ಕಲಿತುಬಂದ ಹಾಗೆ ಮಗಳ ಶಾಲೆ, ನನ್ನ ಆರೋಗ್ಯ, ನನಗೆ ಹೊಸ ಜಾಗ ಒಗ್ಗದಿರುವುದು ಎಲ್ಲ ಇಂಗ್ಲಿಷಿನಲ್ಲಿ ಹೇಳಿದರು. ನಾನು ನೆಲ ನೋಡಿದೆ. ಮೊಸಾಯಿಕ್ ನೆಲ. ಬಿಳಿಯ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ, ಸಿಸ್ಟರಿನ ನಕ್ಷೆಯ ಹಾಗೆ. ಅದರಲ್ಲಿ ಒಂದು ಚುಕ್ಕೆ ಮೆಲ್ಲಗೆ ಹರಿದುಹೋಯಿತು, ಅದು ಇರುವೆ. ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು.

ಅಷ್ಟರಲ್ಲಿ ಸಾಹೇಬರು ನನ್ನ ಕಡೆ ತಿರುಗಿ, ನೀವು ಹೇಳಿ ಮೇಡಂ, ನಿಮ್ಮ ತೊಂದರೆ ಏನು ಎಂದರು. ರೂಢಿಯಲ್ಲಿ ಇದು ಇರಲಿಲ್ಲ. ಹೆಂಡತಿಯನ್ನು ಯಾರೂ ನೇರ ಕೇಳುವುದಿಲ್ಲ ಎಂದು ಅಕ್ಕ ಹೇಳಿದ್ದರು. ಮೇಜಿನಾಚೆಯಿಂದ ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಕಾನ್ವೆಂಟಿನ ಹುಡುಗಿ ಏನು ಮಾಡುತ್ತಾಳೋ ಅದನ್ನೇ ನಾನು ಮಾಡಿದೆ. ಎದ್ದು ನಿಂತೆ, ಕೈ ಹಿಂದೆ ಕಟ್ಟಿದೆ, ಪೂರ್ಣ ವಾಕ್ಯದಲ್ಲಿ ನಿಜ ಹೇಳಿದೆ.

“ನನಗೆ ಯಾವ ತೊಂದರೆಯೂ ಇಲ್ಲ ಸರ್. ನನಗೆ ಆ ದ್ವೀಪಕ್ಕೆ ಹೋಗಲು ತುಂಬಾ ಇಷ್ಟ.”

ಯಜಮಾನರ ಬೂಟು ಕುರ್ಚಿಯಡಿ ಹಿಂದಕ್ಕೆ ಸರಿಯಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ, ಈ ಕುರ್ಚಿಯಲ್ಲಿ ಕೂತು ಅಳುವ ಹೆಂಡತಿಯರನ್ನು ಬಹಳ ನೋಡಿದ್ದೇನೆ, ಇದು ಹೊಸದು ಎಂದರು. ಅವರ ಭುಜ ಸಣ್ಣಗೆ ಕುಲುಕುತ್ತಿತ್ತು. ಇಬ್ಬರೂ ಹೊರಗೆ ಹೋಗಿ ಊಟ ಮಾಡಿ, ಮಧ್ಯಾಹ್ನ ಒಂದೇ ಉತ್ತರ ತನ್ನಿ, ಹೋಗುವುದಾದರೂ ಸರಿ, ಬೇಡವಾದರೂ ಸರಿ ಎಂದು ಕಳಿಸಿದರು.

ತಂಪಾನೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಇಟ್ಟಿಗೆಯದೊಂದು ಗುಂಡನೆಯ ಕಾಫಿ ಹೋಟೆಲಿದೆ. ಅದಕ್ಕೆ ಮಹಡಿಗಳಿಲ್ಲ, ನೆಲವೇ ಸುರುಳಿ ಸುತ್ತುತ್ತಾ ಮೇಲೇರುತ್ತದೆ, ಆ ಇಳಿಜಾರಿನ ಉದ್ದಕ್ಕೂ ಮೇಜುಗಳು. ಯಜಮಾನರು ಮುಂದೆ ಹತ್ತಿದರು, ನಾನು ಹಿಂಬಾಲಿಸಿದೆ. ಎರಡು ಸುತ್ತು ಹತ್ತುವಷ್ಟರಲ್ಲಿ ಭಯಕ್ಕೋ ಸುತ್ತಿಗೋ ನನ್ನ ತಲೆ ತಿರುಗುತ್ತಿತ್ತು. ಕೂತೆವು. ಬೀಸಣಿಗೆಯಂಥ ಪೇಟದ ಮಾಣಿ ಬೀಟ್‌ರೂಟಿನ ಕಟ್ಲೆಟ್ ಇಟ್ಟುಹೋದ.

“ನಿನಗ ತ್ರಾಸ ಆಗ್ತದಂತ ನಾ ಇಷ್ಟು ದೂರ ಬಂದೆ,” ಎಂದರು ಕೊನೆಗೆ.

“ನಿಮಗೆ ಸಮುದ್ರ ಅಂದ್ರೆ ಭಯ ಅಂತ ನಾನು ಸುಮ್ಮನಿದ್ದೆ.”

“ಭಯ ಅಂತ ಯಾರ ಹೇಳಿದ್ರು. ವಾಂತಿ ಬ್ಯಾರೆ, ಭಯ ಬ್ಯಾರೆ.”

ನಾನು ನಗಬಾರದಿತ್ತು. ಆದರೆ ಬೆಳಗಿನಿಂದ ಗಂಟಲಲ್ಲಿ ಕಟ್ಟಿಟ್ಟದ್ದು ಆಗ ಒಡೆಯಿತು. ಅವರು ಮೊದಲು ಮುಖ ಬಿಗಿದುಕೊಂಡರು. ನಾನು ಕಣ್ಣೊರೆಸಿಕೊಳ್ಳುತ್ತಾ ಎಲ್ಲವನ್ನೂ ಹೇಳಿದೆ, ಅಡ್ಡಾದಿಡ್ಡಿಯಾಗಿ: ನೊಣದ ಚುಕ್ಕೆ, ಫೋನಿಗಿಂತ ಮೊದಲು ಬರುವ ನಗು, ಅಲ್ಲಿ ಗಂಡಸರು ಕಡಲಿಗೆ ಹೋದರೆ ಊರನ್ನೇ ಹೆಂಗಸರು ನಡೆಸುವುದು, ಹಳ್ಳಿಗೊಂದು ಮನೆ ಕಟ್ಟಿ ಅಲ್ಲಿ ಅವರು ಸೇರಿ ಅಡುಗೆ ಮಾಡುವುದು. ಹೆಸರಿನ ನಿಯಮವೊಂದನ್ನು ಮಾತ್ರ ಹೇಳಲಿಲ್ಲ. ತೀರಾ ಹುಚ್ಚಿ ಅಂದುಕೊಂಡಾರು ಎಂದು. ಅವರು ಕೇಳುತ್ತಾ ಕಟ್ಲೆಟ್ಟನ್ನು ಚಮಚದಿಂದ ಸಣ್ಣಗೆ ಕತ್ತರಿಸುತ್ತಿದ್ದರು, ಒಂದನ್ನೂ ತಿನ್ನದೆ. ಇಳಿಜಾರಿಗೆ ಅವರ ಕಾಫಿ ಲೋಟ ಬಸಿಯೊಂದಿಗೆ ಮೆಲ್ಲಗೆ ನನ್ನ ಕಡೆ ಜಾರಿತು. ಅವರು ಅದನ್ನು ಹಿಡಿದು ವಾಪಸು ಎಳೆದುಕೊಂಡರು. ಮತ್ತೆ ಜಾರಿತು. ಅದನ್ನೇ ಬಹಳ ಹೊತ್ತು ನೋಡಿದರು.

“ಇಲ್ಲಿ ನೆಲಾನೂ ಏನ ಸಪಾಟ ಅದ,” ಎಂದರು. ಲೋಟ ಎತ್ತಿ ಒಂದು ಗುಟುಕು ಕುಡಿದರು. ಆಮೇಲೆ, ತರಕಾರಿ ತರಲು ಹೇಳುವ ದನಿಯಲ್ಲಿ, “ಮಾಲಿಕುದಾಗ ಜ್ವಾಳದ ಹಿಟ್ಟ ಸಿಗ್ತದೋ ಇಲ್ಲೋ, ಮ್ಯಾಲಿನಾಕಿನ್ನ ಕೇಳಿ ಇಟ್ಟಿರು.”

ಮಗಳ ಕುಂಟಾಬಿಲ್ಲೆಯ ಹಾಡನ್ನು ಪತ್ರಿಕೆಯ ಹಿಂದಿನಿಂದ ಅವರೂ ದಿನಾ ಕೇಳುತ್ತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಮೇಜಿನ ಮೇಲೆ ಬಾಗಿ ಅವರ ಬಾಯಿಗೆ ಬೆರಳು ಅಡ್ಡ ಹಿಡಿದೆ. ಪಕ್ಕದ ಮೇಜಿನ ಮುದುಕರೊಬ್ಬರು ಮುಖ ಬೇರೆ ಕಡೆ ತಿರುಗಿಸಿದರು.

“ಅದನ್ನ ಈಗಲೇ ಹೇಳಬಾರದು,” ಎಂದೆ. “ನಾವಿನ್ನೂ ಅಲ್ಲಿ ಉಂಡಿಲ್ಲ.”

ಮಧ್ಯಾಹ್ನ ಸಾಹೇಬರಿಗೆ ಒಂದೇ ಉತ್ತರ ಒಯ್ದೆವು. ಎರ್ನಾಕುಲಂಗೆ ವಾಪಸಾದಾಗ ಮೇಲಿನವಳು ಮೆಟ್ಟಿಲ ಮೇಲೆ ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ನಕ್ಕಾಗಿತ್ತು. ಉಡುಪಿಯ ಅಕ್ಕ ಮಾತ್ರ ತಿಂಗಳುಗಟ್ಟಲೆ, ಇಷ್ಟೊಳ್ಳೆ ಮುಖ ಹಾಳುಮಾಡಿಕೊಂಡೆ ಎಂದು ಬೈಯುತ್ತಿದ್ದರು.

ಅಜ್ಜಿಯ ಕಣ್ಣು ಗುಣವಾಗಿ ಅವರಿಬ್ಬರು ಮುಂದಾಗಿ ಹೊರಟುಹೋದರು. ನಾವು ಆಮೇಲೆ ಹೊರಟೆವು, ಜೋಳದ ಹಿಟ್ಟಿನ ಡಬ್ಬಿಗಳನ್ನೂ ಹಲಗೆಯಿಂದ ಇಳಿಸಿದ ಇಡ್ಲಿ ಪಾತ್ರೆಯನ್ನೂ ಕಟ್ಟಿಕೊಂಡು. ಯಜಮಾನರು ಹಡಗಿನಲ್ಲಿ ತಾವು ಹೇಳಿದ ಮಾತಿಗೆ ತಕ್ಕಂತೆ ನಡೆದುಕೊಂಡರು. ಭಯಪಡಲಿಲ್ಲ. ಇನ್ನೊಂದನ್ನು ಕೊಚ್ಚಿಯ ಬಂದರಿನ ಬಾಯಿಯಿಂದ ಮಾಡುತ್ತಲೇ ಬಂದರು. ಮರುದಿನ ಹಡಗು ನಿಂತಾಗ ಹಸಿರು ಬಳಪದಲ್ಲಿ ಎಳೆದ ಗೆರೆಯಂಥ ಒಂದು ಊರು, ಅದರ ಒಂದು ತುದಿಯಲ್ಲಿ ಬಿಳಿ ದೀಪಸ್ತಂಭ. ದೋಣಿಯವರು ನಮ್ಮನ್ನು ಇಳಿಸಿಕೊಳ್ಳುವಾಗ ಅಂಗೈ ಹಿಡಿಯುವುದಿಲ್ಲ, ಮೊಣಕೈಯ ಮೇಲೆ ಹಿಡಿಯುತ್ತಾರೆ. ಅಲೆ ಏರಿದಾಗ ಒಂದು ಕ್ಷಣ ನಾನು ಹಡಗಿನಲ್ಲೂ ಇರಲಿಲ್ಲ, ದೋಣಿಯಲ್ಲೂ ಇರಲಿಲ್ಲ.

ಅವಳ ಮನೆಯ ಜಗುಲಿಯಲ್ಲಿ ಚಾಪೆ ಹಾಸಿತ್ತು. ಎರಡೂ ಕಣ್ಣಿನಿಂದ ನೋಡುತ್ತಿದ್ದ ಅಜ್ಜಿ ಮೊದಲು ನನ್ನ ತಲೆಯನ್ನು ಮುಟ್ಟಿ, ಕೊಂಬುಗಳಿಲ್ಲ ಎಂದು ಮಗಳಿಗೆ ವರದಿ ಒಪ್ಪಿಸಿತು. ಅನ್ನ, ತೆಂಗಿನ ಹಾಲಿನ ಸಾರು, ನಮಗಾಗಿ ಬೇಯಿಸಿದ ನುಗ್ಗೆಸೊಪ್ಪು. ಕೊನೆಗೆ ಬಾಳೆಲೆಯ ಉಂಡೆ, ಅದೇ ಚೊಕ್ಕ ಗಂಟು. ಈ ಸಲ ತೆಂಗಿನಕಾಯಿ ಅಲ್ಲಿಯದೇ. ನಾನು ಗಂಟು ಬಿಚ್ಚಿ, ತಿಂಗಳುಗಳಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಪದವನ್ನು ಹೇಗೆ, ಯಾವ ದನಿಯಲ್ಲಿ ಹೇಳುವುದೆಂದು ಯೋಚಿಸುತ್ತಾ ಮೊದಲ ತುಂಡು ಬಾಯಿಗಿಟ್ಟೆ. ಅವಳು ಎದುರು ಕೂತು ಹುಬ್ಬೇರಿಸಿ ಕಾಯುತ್ತಿದ್ದಳು.

ಅಷ್ಟರಲ್ಲಿ ಪಕ್ಕದಿಂದ, ಇನ್ನೂ ಹೀರೇಕಾಯಿಯ ಬಣ್ಣದಲ್ಲೇ ಇದ್ದ ನಮ್ಮ ಯಜಮಾನರು, ಒಂದಿಡೀ ಉಂಡೆ ತುಂಬಿದ ಬಾಯಲ್ಲಿ, “ಈ ಮಾಲಿಕು ಭಾಳ ಛಲೋ ಊರ ಬಿಡ,” ಎಂದುಬಿಟ್ಟರು.

ನನ್ನ ಬಾಯಿ ತುಂಬಾ ತೆಂಗಿನಕಾಯಿ. ಅವಳು ಚಾಪೆಯ ಮೇಲೆ ಅಡ್ಡಬಿದ್ದು ನಗುತ್ತಿದ್ದಳು. ನಾನು ಬೇಗ ಬೇಗ ಅಗಿಯತೊಡಗಿದೆ.